ಚಿತ್ರದ ಚುಕ್ಕಿಗಳೂ ಅಚ್ಚಿನ ಅಂಗುಲಗಳೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಬ್ರಹ್ಮಕಲಶೋತ್ಸವವಾಗಲಿ, ಕಂಬಳವಾಗಲಿ, ಶಾಲೆಯ ಶತಮಾನೋತ್ಸವವಾಗಲಿ, ಯಾವುದೊಂದು ನಡೆಯುವುದಿದ್ದರೂ ಅದರ ಬೆನ್ನಿಗೆ ಒಂದು ಆಮಂತ್ರಣ ಪತ್ರಿಕೆ, ಒಂದು ಸ್ಮರಣ ಸಂಚಿಕೆ, ರಸ್ತೆಯ ಬದಿಗೊಂದು ಫ್ಲೆಕ್ಸ್ ಇದ್ದೇ ಇರುವುದು. ಇವಕ್ಕೆ ಬೇಕಾದ ಚಿತ್ರಗಳೆಲ್ಲ ಈಗ ವಾಟ್ಸಾಪಿನ ಮೂಲಕ ಕೈಯಿಂದ ಕೈಗೆ ಸಾಗಿ ಡಿಟಿಪಿಯವರನ್ನು ಮುಟ್ಟುತ್ತವೆ. ಮೊಬೈಲಿನ ಪರದೆಯಲ್ಲಿ ನಿರ್ಮಲವಾಗಿ ತೋರಿದ ಚಿತ್ರವು ಅಚ್ಚಾಗಿ ಬಂದಾಗ ಮಸುಕಾಗಿ, ಅಂಚುಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ, 'ಫೋಟೋ ಒಡೆದಿದೆ' ಎಂದು ಪ್ರೆಸ್ಸಿನವರನ್ನು ಹಳಿಯುವವರೇ ಹೆಚ್ಚು. ಆದರೆ ದೋಷವು ಬಹುಮಟ್ಟಿಗೆ ಯಂತ್ರದ್ದಲ್ಲ.

ಡಿಜಿಟಲ್ ಚಿತ್ರಕ್ಕೆ ತನ್ನದೆಂಬ ಉದ್ದಗಲಗಳ ಅಳತೆಯಿಲ್ಲ. ಇರತಕ್ಕದ್ದು ಪಿಕ್ಸೆಲ್‌ಗಳೆಂಬ ವರ್ಣಬಿಂದುಗಳ ಸಂಖ್ಯೆ ಮಾತ್ರ. ಒಂದೇ ಸೂಡಿ ನೇಜಿಯನ್ನು ಸಣ್ಣ ಗದ್ದೆಯಲ್ಲಿ ನೆಟ್ಟರೆ ಒತ್ತಾಗಿಯೂ ದೊಡ್ಡ ಗದ್ದೆಯಲ್ಲಿ ನೆಟ್ಟರೆ ವಿರಳವಾಗಿಯೂ ನಿಲ್ಲುವಂತೆ, ಈ ಬಿಂದುಗಳೂ ಕಾಗದದ ವಿಸ್ತಾರಕ್ಕೆ ತಕ್ಕಂತೆ ಸಾಂದ್ರವೋ ವಿರಳವೋ ಆಗುತ್ತವೆ. 1430ರಲ್ಲಿ ನಿರ್ಮಿತವಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು 12 ಮೆಗಾಪಿಕ್ಸೆಲ್ ಕ್ಯಾಮರಾದಲ್ಲಿ ಹಿಡಿದರೆ ಅಡ್ಡಕ್ಕೆ 4000, ನಿಲುವಿಗೆ 3000 ಬಿಂದುಗಳು ದೊರೆಯುವವು. ಅಂಗುಲಕ್ಕೆ 300ರಂತೆ ಅಚ್ಚಿಸಿದರೆ ಅದು 13 ಅಂಗುಲಕ್ಕೂ ಮಿಕ್ಕಿದ ಅಗಲಕ್ಕೆ, ಕಂಬಗಳ ಕೆತ್ತನೆಯ ಸೂಕ್ಷ್ಮವನ್ನು ಉಳಿಸಿಕೊಂಡೇ, ಸಾಲುತ್ತದೆ. ಅದೇ ಚಿತ್ರವು ವಾಟ್ಸಾಪಿನ ಸಾಮಾನ್ಯ ರೀತಿಯಲ್ಲಿ ಬಂದರೆ ಉದ್ದದ ಬದಿಗೆ 1600ರ ಆಸುಪಾಸಿಗೆ ಇಳಿದುಹೋಗುವುದರಿಂದ, ಐದು ಅಂಗುಲ ದಾಟುವಷ್ಟರಲ್ಲಿ ಅದರ ಶಕ್ತಿ ಮುಗಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರಾದರೋ ಮೂಲವೇ ಹಾಗೆಯೇ ತಲುಪುವುದು. ಇಷ್ಟು ಸುಲಭವಾದ ಉಪಾಯವನ್ನು ಜನರು ಬಳಸದಿರುವುದು ನನಗೆ ನಿಜಕ್ಕೂ ವ್ಯಸನದ ಸಂಗತಿ.

300 ಎಂಬ ಸಂಖ್ಯೆಗೆ ಮೂಲವಿರುವುದು ನಮ್ಮ ಕಣ್ಣಿನಲ್ಲಿ. ಪುಸ್ತಕವನ್ನು ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ಓದುವಾಗ, ಅದಕ್ಕಿಂತ ಒತ್ತಾದ ಬಿಂದುಗಳನ್ನು ಸಾಮಾನ್ಯ ದೃಷ್ಟಿಯು ಬೇರೆ ಬೇರೆಯಾಗಿ ಗುರುತಿಸಲಾರದು. ದೂರ ಹತ್ತುಪಟ್ಟಾದರೆ 30 ಬಿಂದುಗಳೇ ಸಾಕು. ಆದುದರಿಂದಲೇ ಬಿ.ಸಿ. ರೋಡಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡತಕ್ಕ ಹತ್ತಡಿ ಅಗಲದ ಫ್ಲೆಕ್ಸಿಗೆ, ಅಂಗುಲಕ್ಕೆ 33 ಬಿಂದುಗಳನ್ನಷ್ಟೇ ಕೊಡಬಲ್ಲ ಆ 4000ದ ಚಿತ್ರವೇ ಧಾರಾಳವಾಗುತ್ತದೆ.

ಕಂಪ್ಯೂಟರಿನಲ್ಲಿ ಅಂಗುಲಕ್ಕೆ 72 ಬಿಂದು ಎಂದಿದ್ದುದನ್ನು 300 ಎಂದು ತಿದ್ದಿದ ಮಾತ್ರಕ್ಕೆ ಚಿತ್ರ ಸುಧಾರಿಸದು. ಹೊಸ ಬಿಂದುಗಳನ್ನು ಸೇರಿಸುವ ತಂತ್ರಾಂಶಗಳು ಇವೆಯೆಂಬುದೇನೋ ನಿಜ, ಆದರೆ ಅವು ನೆರೆಯ ಬಿಂದುಗಳನ್ನು ನೋಡಿ ಊಹಿಸುತ್ತವೆ. ಮದುವೆಯ ಚಿತ್ರಕ್ಕೆ ಆ ಊಹೆ ಸಲ್ಲಬಹುದು, ಎಲ್ಲಕ್ಕೂ ಸಲ್ಲದು. ಉದಾಹರಣೆಗೆ ತಾಳೆಗರಿಯನ್ನೇ ನೋಡೋಣ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಗ್ರಂಥಗಳ ತಾಳೆಗರಿಯ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದ ಊರು ಮೂಡುಬಿದಿರೆ. ಎರಡಡಿ ಉದ್ದದ ಗರಿಯೊಂದನ್ನು, ಅದರಲ್ಲಿ ಮೂರು ಮಿಲಿಮೀಟರ್ ಎತ್ತರದ ಅಕ್ಷರಗಳನ್ನು ಭಾವಿಸಿಕೊಳ್ಳೋಣ: 4000 ಬಿಂದುಗಳಲ್ಲಿ ಇಡೀ ಗರಿಯನ್ನು ಹಿಡಿದರೆ ಒಂದು ಅಕ್ಷರದ ಎತ್ತರಕ್ಕೆ ಸುಮಾರು 20 ಬಿಂದುಗಳು ಬರುವವು, ಒತ್ತಕ್ಷರ ಯಾವುದೆಂದು ತಿಳಿಯುವುದು, 1600ಕ್ಕೆ ಇಳಿದರೆ 8 ಮಾತ್ರ ಉಳಿದು, ಗೆರೆಯೂ ಗರಿಯ ಬಿರುಕೂ ಒಂದರೊಳಗೊಂದು ಕಲಸಿಹೋಗುವುದು. ಅಲ್ಲಿ ಯಂತ್ರವು ಊಹಿಸಿ ಬರೆದ ಅಕ್ಷರವು ಲಿಪಿಕಾರನದಾಗಲಾರದು. ಇಂತಹ ಗರಿಯನ್ನು ಇಡಿಯಾಗಿ ಒಮ್ಮೆ ತೆಗೆಯುವ ಬದಲು ನಾಲ್ಕು ಭಾಗವಾಗಿ, ಅಂಚುಗಳು ಒಂದರ ಮೇಲೊಂದು ಬರುವಂತೆ, ಹತ್ತಿರದಿಂದ ತೆಗೆದು ಜೋಡಿಸುವುದೇ ಯುಕ್ತ. ಹಾಗೆ ತೆಗೆದ ಮೂಲ ಕಡತಗಳನ್ನು ಕುಗ್ಗಿಸದೆ ಎರಡು ಪ್ರತ್ಯೇಕ ಸ್ಥಳಗಳಲ್ಲಿ ಇಡಬೇಕು, ಮುದ್ರಣಕ್ಕೆ ಬೇಕಾದ ಚಿಕ್ಕ ಪ್ರತಿಯನ್ನು ಅವುಗಳಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು.