ಅದೇ ಯಂತ್ರ, ಅದೇ ಕಿಡಿ. ಅಲ್ಲಿ ನಡುಕ, ಇಲ್ಲಿ ನಗು!

ಒಂದು ಸವಾಲು! ಎರಡು ಸಿನಿಮಾ. ಎರಡೂ ಕಪ್ಪು-ಬಿಳುಪು. ಎರಡರಲ್ಲೂ ಗುಡುಗು, ಸಿಡಿಲು, ಕತ್ತಲ ಪ್ರಯೋಗಶಾಲೆ, ಮೇಜಿನ ಮೇಲೆ ಮುಸುಕು ಹಾಕಿದ ದೇಹ. ಒಂದು 1931ರ ‘ಫ್ರಾಂಕೆನ್‌ಸ್ಟೈನ್’. ಅದು ಹೆದರಿಸಲೆಂದೇ ಹುಟ್ಟಿದ್ದು. ಇನ್ನೊಂದು 1974ರ ‘ಯಂಗ್ ಫ್ರಾಂಕೆನ್‌ಸ್ಟೈನ್’. ಅದು ಮೊದಲನೆಯದನ್ನೇ ಅಣಕಿಸಿ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ.

ನಟರು ಬೇರೆ. ನಿರ್ದೇಶಕರು ಬೇರೆ. ಸ್ಟುಡಿಯೋ ಕೂಡ ಬೇರೆ. ನಡುವೆ 43 ವರ್ಷ! ಆದರೂ ಎರಡರಲ್ಲೂ ಒಂದೇ ತಂಡ ‘ಅಭಿನಯಿಸಿದೆ’. ಯಾವುದು? ಊಹಿಸಿ!

ಸೋತಿರಾ? ಆ ಯಂತ್ರಗಳು! ಚಟಪಟ ಕಿಡಿ ಹಾರಿಸುವ, ಗಿರಗಿರ ತಿರುಗುವ, ಕಂಬದಿಂದ ಕಂಬಕ್ಕೆ ಮಿಂಚು ಹಾಯಿಸುವ ಆ ಯಂತ್ರಗಳೇ! ಅವನ್ನು ಕಟ್ಟಿದವರು ಕೆನೆತ್ ಸ್ಟ್ರಿಕ್‌ಫೇಡನ್. ಅಣಕು ಚಿತ್ರಕ್ಕೆ ಪ್ರಯೋಗಶಾಲೆ ಬೇಕೆಂದು ನಿರ್ದೇಶಕ ಮೆಲ್ ಬ್ರೂಕ್ಸ್ ಹುಡುಕಿಕೊಂಡು ಹೋದರೆ, ಅವು ಎಲ್ಲಿದ್ದವು ಗೊತ್ತೇ? ಮ್ಯೂಸಿಯಮ್ಮಿನಲ್ಲೇ? ಅಲ್ಲ! ಸ್ಟ್ರಿಕ್‌ಫೇಡನ್ ಅವರ ಸ್ವಂತ ಗ್ಯಾರೇಜಿನಲ್ಲಿ!

ಬ್ರೂಕ್ಸ್ ಹೊಸದೇನನ್ನೂ ಮಾಡಿಸಲು ಹೋಗಲಿಲ್ಲ, ಅವನ್ನೇ ತಂದು ನಿಲ್ಲಿಸಿದರು. 1931ರಲ್ಲಿ ಸ್ಟ್ರಿಕ್‌ಫೇಡನ್ ಹೆಸರು ಪರದೆಯ ಮೇಲೆ ಬಂದಿರಲೇ ಇಲ್ಲ. ಬಂದದ್ದು ಈ ನಗೆಚಿತ್ರದಲ್ಲಿ! ಇದಕ್ಕಿಂತ ಒಳ್ಳೆಯ ಗೌರವ ಇನ್ನೇನಿದೆ ಹೇಳಿ?

ಹೆಸರಿನ ಮಾತು ಬಂತಲ್ಲ, ಹಳೆಯ ಚಿತ್ರದ ಆರಂಭದ ಪಾತ್ರವರ್ಗವನ್ನು ಕಣ್ಣಿಟ್ಟು ನೋಡಿ. ಮೇಜಿನ ಮೇಲಿನ ಆ ದೇಹಕ್ಕೆ ಜೀವ ಬಂದು ಎದ್ದ ದೈತ್ಯನ ಪಾತ್ರದ ಎದುರು ನಟನ ಹೆಸರೇ ಇಲ್ಲ. ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ! ಕೊನೆಯ ಪಟ್ಟಿಯಲ್ಲಿ ಗುಟ್ಟು ರಟ್ಟು: ಬೋರಿಸ್ ಕಾರ್ಲಾಫ್. ಅದೂ ನಿಜನಾಮವಲ್ಲ! ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರಾಟ್. ತಂದೆಯ ನೌಕರಿ ಎಲ್ಲಿತ್ತು ಊಹಿಸಿ. ನಮ್ಮಲ್ಲಿ! ಬ್ರಿಟಿಷರ ಕಾಲದ ಭಾರತದ ಉಪ್ಪಿನ ತೆರಿಗೆ ಇಲಾಖೆಯಲ್ಲಿ!

ಇನ್ನು ಆ ಮುಖ! ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ಗಂಟೆಗಟ್ಟಲೆ ಕೂತು ಕಟ್ಟಿದ ಮುಖ ಅದು. ಚಪ್ಪಟೆ ತಲೆ. ಮೇಣ ಮೆತ್ತಿ ಭಾರವಾಗಿಸಿದ ರೆಪ್ಪೆಗಳು. ಆದರೆ ಒಂದು ಕಡೆಯ ಕೆನ್ನೆ ಗುಳಿಬಿದ್ದಿದೆಯಲ್ಲ, ಅದು ಬಣ್ಣದ ಕರಾಮತ್ತೇ? ಕಾರ್ಲಾಫ್ ತಮ್ಮ ಕಟ್ಟಿಸಿದ ಹಲ್ಲುಗಳನ್ನೇ ಬಾಯಿಂದ ತೆಗೆದಿಟ್ಟು ಕೆನ್ನೆಯನ್ನು ಒಳಗೆಳೆದುಕೊಂಡಿದ್ದರು!

ಕಿವಿಗೂ ಒಂದು ಪರೀಕ್ಷೆ. ದೈತ್ಯ ಮೊದಲ ಸಲ ತಿರುಗಿ ನೋಡುವಾಗ ಹಿನ್ನೆಲೆಯಲ್ಲಿ ಯಾವ ವಾದ್ಯ ಕೇಳಿಸುತ್ತದೆ? ಯಾವುದೂ ಇಲ್ಲ! ಆ ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲವೆನ್ನುವಷ್ಟು ಕಡಿಮೆ. ಅಣಕು ಚಿತ್ರದಲ್ಲೋ ಜಾನ್ ಮಾರಿಸ್ ಸಂಯೋಜಿಸಿದ ಪಿಟೀಲು. ಎದೆ ಕರಗಿಸುವಂಥದ್ದು! ಹೆದರಿಸುವ ಚಿತ್ರಕ್ಕೆ ಮೌನ, ನಗಿಸುವ ಚಿತ್ರಕ್ಕೆ ಕಣ್ಣೀರಿನ ರಾಗ!

ಈಗ ನನಗೆ ಅತಿ ಪ್ರಿಯವಾದ ಜೋಡಿ. ಹಳೆಯ ಚಿತ್ರದ ಮುಂದುವರಿದ ಭಾಗ, 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಹಾಕಿ. ಗಾಯಗೊಂಡ ದೈತ್ಯ ಕಾಡಿನಲ್ಲಿ ಪಿಟೀಲಿನ ನಾದ ಕೇಳಿ ಒಂದು ಗುಡಿಸಲಿಗೆ ಬರುತ್ತಾನೆ. ಅಲ್ಲಿರುವವನು ಕುರುಡ ಮುದುಕ. ಅವನಿಗೆ ಈ ಭೀಕರ ಮುಖ ಕಾಣದು! ಉಣ್ಣಲು ಕೊಡುತ್ತಾನೆ, ಮಾತು ಕಲಿಸುತ್ತಾನೆ, ಸ್ನೇಹಿತ ಎನ್ನುತ್ತಾನೆ. ದೈತ್ಯನ ಕೆನ್ನೆಯ ಮೇಲೆ ಕಣ್ಣೀರು! ನೋಡುವವರ ಕಣ್ಣೂ ಒದ್ದೆ.

ತಡಮಾಡದೆ 1974ರ ಚಿತ್ರಕ್ಕೆ ಬನ್ನಿ. ಅದೇ ಗುಡಿಸಲು. ಅದೇ ಕುರುಡ. ಅದೇ ಆದರ! ಆದರೆ ಕುದಿಯುವ ಸೂಪು ಬಟ್ಟಲಿಗೆ ಬೀಳುವುದಿಲ್ಲ, ದೈತ್ಯನ ತೊಡೆಯ ಮೇಲೆ ಬೀಳುತ್ತದೆ! ಸಂಭ್ರಮಕ್ಕೆಂದು ಮಗ್ಗಿಗೆ ಮಗ್ಗು ತಾಗಿಸಿದರೆ ದೈತ್ಯನ ಕೈಯಲ್ಲಿದ್ದದ್ದು ಪುಡಿಪುಡಿ! ಚುಟ್ಟಾ ಹಚ್ಚಲು ಹೋದರೆ ಹೊತ್ತಿಕೊಳ್ಳುವುದು ಹೆಬ್ಬೆರಳು! ಪೀಟರ್ ಬಾಯ್ಲ್ ಪಾಪದ ದೈತ್ಯನಾಗಿ ಸಹಿಸುತ್ತಾ ಕೂತಿದ್ದಾರೆ. ಆ ಗಡ್ಡದ ಕುರುಡ ಯಾರು? ಗುರುತು ಹಿಡಿಯಿರಿ! ‘ದಿ ಫ್ರೆಂಚ್ ಕನೆಕ್ಷನ್’ಗೆ ಆಸ್ಕರ್ ಗೆದ್ದಿದ್ದ ಜೀನ್ ಹ್ಯಾಕ್‌ಮನ್!

ಇಷ್ಟು ಪ್ರೀತಿಯಿಂದ ಅಣಕಿಸಲು ಮೂಲ ಚಿತ್ರ ಬಾಯಿಪಾಠವಾಗಿರಬೇಕು. ಚಿತ್ರಕಥೆ ಬರೆದ ನಾಯಕ ನಟ ಜೀನ್ ವೈಲ್ಡರ್ ಮತ್ತು ಬ್ರೂಕ್ಸ್ ಇಬ್ಬರಿಗೂ ಆಗಿತ್ತು! ಕಪ್ಪು-ಬಿಳುಪಿನ ಹಟಕ್ಕೆ ಅವರು ತೆತ್ತ ಬೆಲೆ ಗೊತ್ತೇ? ಕೊಲಂಬಿಯಾ ಸ್ಟುಡಿಯೋ ಒಪ್ಪಲಿಲ್ಲ. ಬ್ರೂಕ್ಸ್ ಬಗ್ಗಲಿಲ್ಲ. ಚಿತ್ರವನ್ನೇ ಎತ್ತಿಕೊಂಡು ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ಗೆ ಹೋದರು!

ಇನ್ನೊಂದು ಪ್ರಶ್ನೆ. 1931ರ ಚಿತ್ರದ ಗೂನುಬೆನ್ನಿನ ಸಹಾಯಕನ ಹೆಸರೇನು? ಈಗೋರ್ ಎಂದಿರಾ? ತಪ್ಪು! ಅವನು ಫ್ರಿಟ್ಜ್! ಈಗೋರ್ ಬಂದದ್ದು 1939ರ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ನಲ್ಲಿ. ಮರದ ಕೈಯ ಇನ್ಸ್‌ಪೆಕ್ಟರ್ ಬಂದದ್ದೂ ಅಲ್ಲೇ. ಆತ ಡಾರ್ಟ್ ಬಾಣಗಳನ್ನು ತನ್ನ ಮರದ ಕೈಗೇ ಚುಚ್ಚಿಟ್ಟುಕೊಳ್ಳುತ್ತಾನೆ. ಗಂಭೀರವಾಗಿ! ಅಣಕು ಚಿತ್ರ ಅದನ್ನೂ ಬಿಟ್ಟಿಲ್ಲ.

ನಗೆಚಿತ್ರದ ಈಗೋರ್ ಮಾರ್ಟಿ ಫೆಲ್ಡ್‌ಮನ್. ಈತ ಚಿತ್ರೀಕರಣದ ವೇಳೆ ಯಾರಿಗೂ ಹೇಳದೆ ತನ್ನ ಗೂನನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದ! ದಿನಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದ ಮೇಲೆ ಅದೇ ಚಿತ್ರದ ಜೋಕಾಯಿತು! ನೀವು ನೋಡುವಾಗ ನಾಯಕನನ್ನು ಬಿಡಿ, ದೈತ್ಯನನ್ನೂ ಬಿಡಿ. ಆ ಗೂನು ಎಡಕ್ಕಿದೆಯೋ ಬಲಕ್ಕಿದೆಯೋ, ಎಷ್ಟು ಸಲ ಜಾಗ ಬದಲಾಯಿಸಿತು, ಲೆಕ್ಕ ಹಾಕಿ ಹೇಳಿ ನೋಡೋಣ!