ಬೆಕ್ಕಿಗೊಂದು ಪ್ರಾಣವಾಯು ಪೆಟ್ಟಿಗೆ

ನಾಯಿ ಓಡಿ ಬಂದು ನಾಲಗೆ ಚಾಚಿ ಏದುಸಿರು ಬಿಟ್ಟರೆ ಯಾರೂ ಗಾಬರಿಯಾಗುವುದಿಲ್ಲ. ಬೆಕ್ಕು ಬಾಯಿ ತೆರೆದು ಉಸಿರಾಡತೊಡಗಿದರೆ ಮಾತ್ರ ಕೈಯಲ್ಲಿರುವ ಕೆಲಸ ಬಿಟ್ಟು ಏಳಬೇಕು. ಎದೆಗೂಡಿನಲ್ಲಿ ನೀರು ತುಂಬಿರಬಹುದು, ಹೃದಯದ ಸ್ನಾಯು ದಪ್ಪಗಾಗಿರಬಹುದು, ಅಸ್ತಮಾ ಕೆರಳಿರಬಹುದು. ಮುಂಬಯಿಯ ಬಹುಮಹಡಿ ಕಟ್ಟಡಗಳ ಉಪನಗರ ಬೊರಿವಲಿಯಲ್ಲಿ ಇನ್ನೊಂದು ಕಾರಣವೂ ಉಂಟು: ಪಾರಿವಾಳದ ಆಸೆಗೆ ಜಾಲರಿಯಿಲ್ಲದ ಕಿಟಕಿಯಿಂದ ಹಾರಿ ಬೀಳುವುದು. ಹೀಗೆ ಎತ್ತರದಿಂದ ಬಿದ್ದ 132 ಬೆಕ್ಕುಗಳ ವಿವರವನ್ನು ನ್ಯೂಯಾರ್ಕಿನ ಪಶುವೈದ್ಯರು 1987ರಲ್ಲಿ ಪ್ರಕಟಿಸಿದ್ದರು. ಚಿಕಿತ್ಸೆ ಪಡೆದವುಗಳಲ್ಲಿ ಶೇ 90ರಷ್ಟು ಬದುಕಿದ್ದವು, ಆದರೆ ಬಹುಪಾಲಿಗೆ ಎದೆಗೇ ಪೆಟ್ಟಾಗಿತ್ತು.

ಇಂಥ ಬೆಕ್ಕನ್ನು ಎಲ್ಲಿಗೆ ಒಯ್ಯುವುದು? ಮುಂಬಯಿಯ ಹೆಸರಾಂತ ಪ್ರಾಣಿ ಆಸ್ಪತ್ರೆಗಳು ದಕ್ಷಿಣದಲ್ಲಿವೆ. 1874ರಲ್ಲಿ ಹುಟ್ಟಿದ ಪ್ರಾಣಿದಯಾ ಸಂಘ ನಡೆಸುವ ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಆಸ್ಪತ್ರೆ ಪರೇಲಿನಲ್ಲಿದೆ. ರತನ್ ಟಾಟಾ ಅವರ ಕನಸಾಗಿದ್ದ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರ ಜುಲೈಯಲ್ಲಿ ಮಹಾಲಕ್ಷ್ಮಿಯಲ್ಲಿ ಬಾಗಿಲು ತೆರೆಯಿತು. ಬೊರಿವಲಿಯಿಂದ ಎರಡೂ ಕಡೆಗೆ ಮೂವತ್ತು ಕಿಲೋಮೀಟರಿನ ಆಸುಪಾಸು ದಾರಿ. ರಿಕ್ಷಾ ಬಾಂದ್ರಾ ದಾಟುವಂತಿಲ್ಲ, ಟ್ಯಾಕ್ಸಿಯೇ ಬೇಕು. ಉಸಿರಿಗೆ ಒದ್ದಾಡುವ ಪ್ರಾಣಿಗೆ ಆ ಟ್ರಾಫಿಕ್ಕೇ ಒಂದು ಪರೀಕ್ಷೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಮೊದಲ ಆರೈಕೆ ಸಿಕ್ಕರೂ ರಾತ್ರಿಯಿಡೀ ಇರಿಸಿಕೊಳ್ಳುವ ವ್ಯವಸ್ಥೆ ಎಲ್ಲ ಕಡೆ ಇರುವುದಿಲ್ಲ. ಇದ್ದ ಕಡೆ ದಿನದ ಬಿಲ್ಲು ಏರುತ್ತಲೇ ಹೋಗುತ್ತದೆ. ಮನೆಯಲ್ಲೇ ಆಮ್ಲಜನಕ ಕೊಡಬಹುದೇ ಎಂಬ ಪ್ರಶ್ನೆ ಹುಟ್ಟುವುದು ಆಗ.

‘ಬೆಕ್ಕಿಗೂ ಆಕ್ಸಿಜನ್ನಾ ಮಾರಾಯ್ರೆ?’ ಎಂದು ಊರಿನ ಹಿರಿಯರು ನಗಬಹುದು. ಹಿತ್ತಲಲ್ಲಿ ಮೀನಿನ ತಲೆ ತಿಂದು ಬೆಳೆದ ಬೆಕ್ಕುಗಳನ್ನು ಕಂಡವರ ನಗು ಅದು, ಬೇಸರ ಮಾಡಿಕೊಳ್ಳಬೇಕಿಲ್ಲ. ಹಾಗೆ ನೋಡಿದರೆ ಆಮ್ಲಜನಕದ ಗುಣವನ್ನು ಮೊದಲು ಸವಿದದ್ದು ಇಲಿ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ತಾನು ಕಂಡುಕೊಂಡ ಹೊಸ ಗಾಳಿಯ ಜಾಡಿಯಲ್ಲಿ 1775ರಲ್ಲಿ ಇಲಿಯೊಂದನ್ನು ಬಿಟ್ಟಾಗ, ಸಾಮಾನ್ಯ ಗಾಳಿಯಲ್ಲಿ ಕಾಲು ಗಂಟೆ ಬದುಕಬೇಕಿದ್ದ ಅದು ಅರ್ಧ ಗಂಟೆ ತಡೆದುಕೊಂಡಿತು. ಬೆಕ್ಕಿನ ಸರದಿ ತಡವಾಗಿ ಬಂದಿದೆ, ಅಷ್ಟೇ.

ಮನೆಯಲ್ಲಿ ಆಮ್ಲಜನಕ ಕೊಡಲು ಬೇಕಾದದ್ದು ಕಾನ್ಸಂಟ್ರೇಟರ್, ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಯಂತ್ರ. ಮುಂಬಯಿಯ ಮಧ್ಯಮವರ್ಗಕ್ಕೆ ಇದರ ಪರಿಚಯ ಆದದ್ದು ಕೋವಿಡ್‌ನಲ್ಲಿ. ಬೊರಿವಲಿಯಿಂದ ಎರಡು ನಿಲ್ದಾಣ ಆಚೆ, ಮಲಾಡಿನ ಮಾಲ್ವಣಿಯಲ್ಲಿ ಶಾನವಾಜ್ ಶೇಖ್ ಎಂಬವರು ತಮ್ಮ ಕಾರನ್ನೇ ಮಾರಿ ಸಿಲಿಂಡರ್ ಹಂಚಿದ ಕಾಲ ಅದು. ಬೆಲೆ ಮುಗಿಲಿಗೇರಿದಾಗ 2021ರ ಜೂನ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಕಾನ್ಸಂಟ್ರೇಟರ್ ಮಾರಾಟದ ಲಾಭಾಂಶಕ್ಕೆ ಶೇ 70ರ ಮಿತಿ ಹಾಕಿತು. ಆಗ ತಂದಿಟ್ಟ ಎಷ್ಟೋ ಯಂತ್ರಗಳು ಈಗ ಫ್ಲ್ಯಾಟುಗಳ ಲಾಫ್ಟಿನಲ್ಲಿ ಧೂಳು ತಿನ್ನುತ್ತಿವೆ. ಸರ್ಜಿಕಲ್ ಅಂಗಡಿಗಳು ಬಾಡಿಗೆಗೆ ಕೊಡುತ್ತವೆ. ಡಿಪಾಸಿಟ್ ಪಡೆದು ಮಂಚ, ಗಾಲಿಕುರ್ಚಿಗಳ ಜೊತೆ ಇವನ್ನೂ ಕೊಟ್ಟು ವಾಪಸು ಪಡೆಯುವ ದತ್ತಿ ಸಂಸ್ಥೆಗಳೂ ಉಪನಗರಗಳಲ್ಲಿವೆ. ಬೆಕ್ಕಿನ ಆಮ್ಲಜನಕವನ್ನು ಅಗ್ಗವಾಗಿಸಿದ್ದು ಮನುಷ್ಯರ ಆ ಕೆಟ್ಟ ವರ್ಷ.

ಯಂತ್ರದ ಕೆಲಸ ಸರಳ. ಗಾಳಿಯಲ್ಲಿ ಶೇ 78 ಸಾರಜನಕ, ಶೇ 21 ಆಮ್ಲಜನಕ. ಯಂತ್ರದೊಳಗಿನ ಜಿಯೊಲೈಟ್ ಹರಳುಗಳು ಒತ್ತಡದಲ್ಲಿ ಸಾರಜನಕವನ್ನು ಹಿಡಿದಿಟ್ಟು ಉಳಿದದ್ದನ್ನು ಬಿಡುತ್ತವೆ. ಹೊರಗೆ ಬರುವುದರಲ್ಲಿ ಶೇ 90ಕ್ಕೂ ಹೆಚ್ಚು ಆಮ್ಲಜನಕ. ಈ ಹರಳುಗಳಿಗೆ ತೇವ ಆಗದು. ಮುಂಬಯಿಯ ನಾಲ್ಕಾರು ಮಳೆಗಾಲ ಲಾಫ್ಟಿನಲ್ಲಿ ಕಳೆದ ಯಂತ್ರ ಗುಯ್‌ಗುಟ್ಟಿದರೂ ಬರೀ ಗಾಳಿಯನ್ನೇ ಊದುತ್ತಿರಬಹುದು. ಆಮ್ಲಜನಕದ ಪ್ರಮಾಣ ಅಳೆಯುವ ಮೀಟರ್ ಹಿಡಿದು ನೋಡದೆ ಬಾಡಿಗೆ ಕೊಡಬಾರದು.

ಬೆಕ್ಕಿನ ಮೂಗಿಗೆ ನಳಿಗೆ ಸಿಕ್ಕಿಸಿ ಕೂರಿಸುವುದು ಆಗದ ಮಾತು. ಒದ್ದಾಡಿದಷ್ಟೂ ಅದರ ಉಸಿರು ಸಾಲದಾಗುತ್ತದೆ. ಅದಕ್ಕೇ ಪೆಟ್ಟಿಗೆ. ಬಟ್ಟೆ ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಸಾಕು. ಕೆಳಬದಿಯಲ್ಲಿ ನಳಿಗೆಗೆ ಒಂದು ತೂತು, ಬಿಸಿಯೂ ಬಿಟ್ಟ ಉಸಿರೂ ಹೊರಹೋಗಲು ಮುಚ್ಚಳದ ಬಳಿ ಹಲವು ತೂತು. ಪೂರ್ತಿ ಮುಚ್ಚಿದ ಡಬ್ಬ ಕೊಲ್ಲುತ್ತದೆ. ಒಳಗೆ ಶೇ 40ರಿಂದ 50 ಇದ್ದರೆ ಸಾಮಾನ್ಯವಾಗಿ ಸಾಲುತ್ತದೆ. 60 ಮೀರಿದ್ದನ್ನು ಒಂದು ದಿನಕ್ಕಿಂತ ಹೆಚ್ಚು ಕೊಟ್ಟರೆ ಶ್ವಾಸಕೋಶಕ್ಕೇ ಹಾನಿ. ನಿಮಿಷಕ್ಕೆ 5 ಲೀಟರ್ ಬಿಡುವ ಯಂತ್ರಕ್ಕೆ 50 ಲೀಟರಿನ ಡಬ್ಬವನ್ನು ಹದಕ್ಕೆ ತರಲು ಕೆಲವು ನಿಮಿಷ ಬೇಕು. ಪ್ರೀತಿಯಿಂದ ಮುಚ್ಚಳ ತೆರೆದು ತಲೆ ಸವರಿದಿರೋ, ಅಷ್ಟೂ ಹಾರಿಹೋಯಿತು. ಮೇ ತಿಂಗಳಲ್ಲಿ ಡಬ್ಬ ಎಸಿ ಕೋಣೆಯಲ್ಲೇ ಇರಬೇಕು, ಗುಡುಗುಡು ಯಂತ್ರ ಉದ್ದ ನಳಿಗೆಯ ಆಚೆ ತುದಿಯಲ್ಲಿ.

ಆ ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ, ಸೊಳ್ಳೆಬತ್ತಿ ಯಾವುದೂ ಹಚ್ಚಬಾರದು. ದೇವರಕೋಣೆಗೆ ಬೇರೆ ಜಾಗವಿಲ್ಲದ ಒಂದು ಬೆಡ್‌ರೂಮಿನ ಮನೆಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಆಮ್ಲಜನಕ ಹೆಚ್ಚಿದಲ್ಲಿ ಸಣ್ಣ ಕಿಡಿಯೂ ಭಗ್ಗೆನ್ನುತ್ತದೆ.

ಖರ್ಚಿನ ವಿಷಯ. ಕಾನ್ಸಂಟ್ರೇಟರ್ ಸುಮಾರು 350 ವಾಟ್ ಎಳೆಯುತ್ತದೆ, ಅಂದರೆ ದಿನವಿಡೀ ಓಡಿದರೆ ಎಂಟು ಯೂನಿಟ್ ಚಿಲ್ಲರೆ. ಕರೆಂಟು ಹೋದಾಗ ಕೈಕೊಡುವುದು ಇದರ ದೋಷ. ಅದಕ್ಕೆ ಪಕ್ಕದಲ್ಲೊಂದು ಸಣ್ಣ ಸಿಲಿಂಡರ್ ಇರಬೇಕು. 1,500 ಲೀಟರ್ ಹಿಡಿಸುವ ಬಿ-ಟೈಪ್ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ. ಅನಿಲಕ್ಕೆ ದುಬಾರಿ ಬೆಲೆಯಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಸಿಲಿಂಡರ್ ಆಮ್ಲಜನಕಕ್ಕೆ ಕಟ್ಟಿದ ದರ ಘನಮೀಟರಿಗೆ 25 ರೂಪಾಯಿ 71 ಪೈಸೆ. ಜೇಬು ಹಗುರಾಗುವುದು ಡಿಪಾಸಿಟ್ಟಿಗೆ, ಸಾಗಾಟಕ್ಕೆ, ರೆಗ್ಯುಲೇಟರಿಗೆ.

ಆದರೂ ಪೆಟ್ಟಿಗೆ ರೋಗವನ್ನು ಗುಣ ಮಾಡುವುದಿಲ್ಲ, ಸಮಯ ಕೊಡುತ್ತದೆ. ಎದೆಗೂಡಿನಲ್ಲಿ ನೀರಿದ್ದರೆ ವೈದ್ಯರು ಸೂಜಿ ಚುಚ್ಚಿ ತೆಗೆಯಬೇಕು. ಹೃದಯದ ತೊಂದರೆಯಿಂದ ಶ್ವಾಸಕೋಶದಲ್ಲಿ ನೀರು ಸೇರಿದ್ದರೆ ಮೂತ್ರವರ್ಧಕ ಬೇಕು, ಅಸ್ತಮಾಕ್ಕೆ ಸ್ಟಿರಾಯ್ಡ್. ಕಾರಣ ಗೊತ್ತಿಲ್ಲದೆ ಬಾಡಿಗೆ ಯಂತ್ರ ತಂದು ವಾರಗಟ್ಟಲೆ ಊದಿಸುವುದು ಅಗ್ಗದ ಚಿಕಿತ್ಸೆಯಲ್ಲ, ವ್ಯರ್ಥ ಖರ್ಚು. ನಮ್ಮ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಕೂದಲು ಮುಚ್ಚಿದ ಪಂಜಕ್ಕೆ ಸಿಕ್ಕಿಸಿ ಬಂದ ಅಂಕಿಯನ್ನೂ ನಂಬುವಂತಿಲ್ಲ. ನಂಬಬೇಕಾದದ್ದು ಗಡಿಯಾರವನ್ನು: ನಿದ್ದೆಯಲ್ಲಿರುವ ಬೆಕ್ಕಿನ ಉಸಿರು ನಿಮಿಷಕ್ಕೆ 30ರೊಳಗಿರಬೇಕು. ಅದನ್ನು ದಾಟಿ ಏರುತ್ತಲೇ ಇದ್ದರೆ ವೈದ್ಯರಿಗೆ ಫೋನು ಮಾಡುವ ಹೊತ್ತು.

2021ರ ಯಂತ್ರ ಇನ್ನೂ ಲಾಫ್ಟಿನಲ್ಲಿ ಇಟ್ಟುಕೊಂಡಿರುವ ಬೊರಿವಲಿಯ ಓದುಗರು ಅದನ್ನೊಮ್ಮೆ ಕೆಳಗಿಳಿಸಿ, ಸರ್ವಿಸ್ ಮಾಡಿಸಿ, ಆಮ್ಲಜನಕದ ಪ್ರಮಾಣ ಅಳೆಸಿ, ಹತ್ತಿರದ ಪಶುವೈದ್ಯರ ಕ್ಲಿನಿಕ್ಕಿಗೋ ಉಪಕರಣ ಎರವಲು ಕೊಡುವ ಟ್ರಸ್ಟಿಗೋ ಒಪ್ಪಿಸಬಹುದು.