ಡಿಸ್ಪೆಲ್ (ಇಂಗ್ಲಿಷ್ ಕ್ರಿಯಾಪದ)

ಡಿಸ್ಪೆಲ್ ಎಂಬುದು ಇಂಗ್ಲಿಷ್ ಭಾಷೆಯ ಒಂದು ಸಕರ್ಮಕ ಕ್ರಿಯಾಪದ. ಸಂಶಯ, ಭಯ, ತಪ್ಪು ಕಲ್ಪನೆ, ವದಂತಿ, ಮಂಜು, ಕತ್ತಲೆ ಮೊದಲಾದವುಗಳನ್ನು ಇಲ್ಲವಾಗುವಂತೆ ಅಟ್ಟಿಬಿಡುವುದು ಎಂಬುದು ಇದರ ಅರ್ಥ. ಕನ್ನಡದಲ್ಲಿ ಹೋಗಲಾಡಿಸು, ನಿವಾರಿಸು, ನೀಗಿಸು, ದೂರಮಾಡು ಎಂಬ ಪದಗಳು ಸಂದರ್ಭಾನುಸಾರವಾಗಿ ಇದಕ್ಕೆ ಸಮಾನಾರ್ಥಕಗಳಾಗುತ್ತವೆ.

ವ್ಯುತ್ಪತ್ತಿ

ಇದರ ಮೂಲ ಲ್ಯಾಟಿನ್ನಿನ ‘ಡಿಸ್ಪೆಲ್ಲೆರೆ’. ‘ಡಿಸ್’ ಎಂದರೆ ಬೇರೆ ಬೇರೆ ಕಡೆಗೆ. ‘ಪೆಲ್ಲೆರೆ’ ಎಂದರೆ ತಳ್ಳು, ಅಟ್ಟು. ಸುಮಾರು 1400ರ ವೇಳೆಗೆ ಈ ಪದ ಇಂಗ್ಲಿಷಿಗೆ ಬಂದಿತು. ‘ಪೆಲ್ಲೆರೆ’ಯಿಂದ ಹುಟ್ಟಿದ ಸೋದರ ಪದಗಳು ಹಲವಿವೆ. ಹೊರಕ್ಕೆ ತಳ್ಳುವುದು ‘ಎಕ್ಸ್‌ಪೆಲ್’, ಹಿಂದಕ್ಕೆ ತಳ್ಳುವುದು ‘ರಿಪೆಲ್’, ಮುಂದಕ್ಕೆ ತಳ್ಳುವುದು ‘ಪ್ರೊಪೆಲ್’. ನಾಡಿಮಿಡಿತವನ್ನು ಸೂಚಿಸುವ ‘ಪಲ್ಸ್’ ಕೂಡ ಇದೇ ಕುಲದ್ದು. ಮಂತ್ರ ಎಂಬ ಅರ್ಥದ ‘ಸ್ಪೆಲ್’ ಎಂಬ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಮಾತು, ಕಥೆ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು.

ಕಾಗುಣಿತ ಮತ್ತು ಉಚ್ಚಾರಣೆ

ಮೂಲರೂಪದ ಕೊನೆಯಲ್ಲಿ ‘ಎಲ್’ ಅಕ್ಷರ ಒಂದೇ ಇರುತ್ತದೆ. ಉಚ್ಚಾರಣೆಯ ಒತ್ತು ಎರಡನೆಯ ಭಾಗದ ಮೇಲೆ ಬೀಳುವುದರಿಂದ ‘ಡಿಸ್ಪೆಲ್ಡ್’, ‘ಡಿಸ್ಪೆಲಿಂಗ್’ ರೂಪಗಳಲ್ಲಿ ಆ ಅಕ್ಷರ ಇಮ್ಮಡಿಸುತ್ತದೆ. ಬ್ರಿಟಿಷ್ ಮತ್ತು ಅಮೆರಿಕನ್ ಇಂಗ್ಲಿಷ್ ಎರಡರಲ್ಲೂ ಈ ನಿಯಮ ಒಂದೇ.

ಬಳಕೆಯ ವ್ಯಾಪ್ತಿ

ನಿಘಂಟುಗಳಲ್ಲಿ ‘ಓಡಿಸು’, ‘ಚದುರಿಸು’ ಎಂಬ ಅರ್ಥಗಳನ್ನು ಕಂಡು ಇದನ್ನು ಎಲ್ಲೆಡೆಯೂ ಬಳಸಬಾರದು. ಇಂದಿನ ಇಂಗ್ಲಿಷಿನಲ್ಲಿ ಇದರ ಕರ್ಮಪದ ಸಾಮಾನ್ಯವಾಗಿ ಮನಸ್ಸನ್ನು ಕವಿದ ಭಾವವೋ ನಂಬಿಕೆಯೋ, ಕಣ್ಣನ್ನು ಕವಿದ ಮಂಜೋ ಕತ್ತಲೆಯೋ ಆಗಿರುತ್ತದೆ. ಪೊಲೀಸರು ಗುಂಪನ್ನು ಚದುರಿಸಿದರು ಎನ್ನಲು ‘ಡಿಸ್ಪರ್ಸ್’ ಬೇಕು. ವಿದ್ಯಾರ್ಥಿಯನ್ನು ಶಾಲೆಯಿಂದ ಹೊರಹಾಕುವುದು ‘ಎಕ್ಸ್‌ಪೆಲ್’. ದಾಳಿಯನ್ನು ಹಿಮ್ಮೆಟ್ಟಿಸುವುದು, ಸೊಳ್ಳೆಯನ್ನು ಹತ್ತಿರ ಬಾರದಂತೆ ಮಾಡುವುದು, ಕಾಂತದ ಸಜಾತಿ ಧ್ರುವಗಳು ಒಂದನ್ನೊಂದು ದೂರ ತಳ್ಳುವುದು ‘ರಿಪೆಲ್’. ಚದುರಿದ ಗುಂಪು ಮತ್ತೆ ಸೇರಬಹುದು, ಹೊರಹಾಕಲ್ಪಟ್ಟ ವಿದ್ಯಾರ್ಥಿ ಬೇರೆಡೆ ಇದ್ದೇ ಇರುತ್ತಾನೆ. ಆದರೆ ‘ಡಿಸ್ಪೆಲ್’ ಆದದ್ದು ಎಲ್ಲಿಗೂ ಹೋಗುವುದಿಲ್ಲ, ಕರಗಿ ಇಲ್ಲವಾಗುತ್ತದೆ.

ನಿರಾಕರಣೆಗೂ ನಿವಾರಣೆಗೂ ಇರುವ ಅಂತರ

ಸುದ್ದಿಬರಹದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ವದಂತಿಯೊಂದರ ಬಗ್ಗೆ ಅಧಿಕಾರಿಯೊಬ್ಬರು ‘ಅದು ಸುಳ್ಳು’ ಎಂದರೆ ಅದು ‘ಡಿನೈ’, ಅಂದರೆ ನಿರಾಕರಣೆ. ಆಧಾರಸಹಿತ ಸುಳ್ಳೆಂದು ತೋರಿಸಿದರೆ ಅದು ‘ರಿಫ್ಯೂಟ್’, ಅಂದರೆ ಖಂಡನೆ. ಜನರ ಮನಸ್ಸಿನಿಂದಲೇ ಅದು ತೊಲಗಿದಾಗ ಮಾತ್ರ ‘ಡಿಸ್ಪೆಲ್’. ಮೊದಲೆರಡು ಹೇಳುವವನ ಕೆಲಸಗಳು. ಮೂರನೆಯದು ಕೇಳುವವರಲ್ಲಿ ಆಗುವ ಪರಿಣಾಮ. ಆದುದರಿಂದ ‘ವದಂತಿಯನ್ನು ಹೋಗಲಾಡಿಸಿದರು’ ಎಂದು ಬರೆಯುವ ವರದಿಗಾರ, ವದಂತಿ ಸುಳ್ಳಾಗಿತ್ತು ಮತ್ತು ಜನ ಅದನ್ನು ಬಿಟ್ಟುಕೊಟ್ಟರು ಎಂಬ ಎರಡು ತೀರ್ಮಾನಗಳನ್ನು ತಿಳಿದೋ ತಿಳಿಯದೆಯೋ ಓದುಗರ ಮೇಲೆ ಹೊರಿಸುತ್ತಾನೆ. ಇವೆರಡೂ ಖಚಿತವಾಗಿಲ್ಲದಿದ್ದರೆ ‘ಹೋಗಲಾಡಿಸಲು ಯತ್ನಿಸಿದರು’ ಅಥವಾ ‘ನಿರಾಕರಿಸಿದರು’ ಎಂದು ಬರೆಯುವುದೇ ಸತ್ಯಕ್ಕೆ ಹತ್ತಿರ.

ಕನ್ನಡದ ಸಮಾನಪದಗಳು

ಕನ್ನಡದ ‘ನಿವಾರಿಸು’ ಇಂಗ್ಲಿಷ್ ಪದಕ್ಕಿಂತ ವಿಶಾಲವಾದುದು. ವಿಘ್ನ, ರೋಗ, ಹಸಿವು, ಸಂಶಯ ಎಲ್ಲದಕ್ಕೂ ಅದು ಸಲ್ಲುತ್ತದೆ. ಇಂಗ್ಲಿಷಿನಲ್ಲಾದರೋ ವಿಘ್ನಕ್ಕೆ ‘ರಿಮೂವ್’, ರೋಗಕ್ಕೆ ‘ಕ್ಯೂರ್’ ಎಂಬ ಬೇರೆ ಕ್ರಿಯಾಪದಗಳೇ ಬೇಕು. ಭಯ, ಸಂದೇಹ, ಭ್ರಮೆಗಳಿಗೆ ‘ಹೋಗಲಾಡಿಸು’ ಅತ್ಯಂತ ಹೊಂದುವ ಅನುವಾದ. ಕತ್ತಲೆಗೆ ‘ನೀಗಿಸು’ ಅಥವಾ ‘ತೊಲಗಿಸು’ ಒಪ್ಪುತ್ತದೆ. ಮಂಜಿನ ವಿಷಯದಲ್ಲಿ, ಬಿಸಿಲು ಮಂಜನ್ನು ‘ಕರಗಿಸಿತು’ ಎನ್ನುವುದೇ ಕನ್ನಡದ ಸಹಜ ಜಾಯಮಾನ.